ನ್ಯಾನೊ ಎಂ.ಟೆಕ್ ಅರ್ಜಿ ವಾಪಸ್ ಬಂದಿದ್ದು ಇದಕ್ಕೇ ಇರಬೇಕು

ತೊಂದರೆ ಬಹುಶಃ ನಿಮ್ಮ ಅಂಕದ್ದಲ್ಲ, ಡಿಗ್ರಿಯದು. ಬೀದರ್‌ನಲ್ಲಿ ಬಿ.ಎಸ್ಸಿ. ಮುಗಿಸಿ ನೇರವಾಗಿ ನ್ಯಾನೊಟೆಕ್ನಾಲಜಿ (ಅತಿ ಸೂಕ್ಷ್ಮ ಕಣಗಳ ತಂತ್ರಜ್ಞಾನ) ಎಂ.ಟೆಕ್‌ಗೆ ಹಾಕಿದೆ, ಕಾರಣ ಹೇಳದೆ ತಿರಸ್ಕರಿಸಿದರು ಅಂದಿದ್ದೀರಿ. ಎಂ.ಟೆಕ್‌ಗೆ ಸಾಮಾನ್ಯವಾಗಿ ಬಿ.ಇ. ಇಲ್ಲವೇ ಎಂ.ಎಸ್ಸಿ. ಆಗಿರಬೇಕು. ನನ್ನದೂ ಹೀಗೇ ಒಮ್ಮೆ ವಾಪಸ್ ಬಂದಿತ್ತು, ಅರ್ಜಿ ಶುಲ್ಕ ಸುಮ್ನೆ ಹೋಯ್ತು.

ಮೊದಲು ಎಂ.ಎಸ್ಸಿ. ಮಾಡಿ. ಹೆಸರಲ್ಲೇ ನ್ಯಾನೊ ಇರಬೇಕು ಅಂತ ಹಟ ಬೇಡ. ಭೌತಶಾಸ್ತ್ರ, ರಸಾಯನಶಾಸ್ತ್ರ ಅಥವಾ ಮೆಟೀರಿಯಲ್ಸ್ ಸೈನ್ಸ್ ಸಾಕು, ಈ ಕೊನೆಯದಕ್ಕೆ ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲೇ ವಿಭಾಗ ಇದೆ. ಆದರೆ ಮುಂದೆ ಲೆಕ್ಚರರ್ ಆಗೋ ಆಸೆ ಇದ್ದರೆ ಭೌತ ಅಥವಾ ರಸಾಯನವನ್ನೇ ಹಿಡಿಯಿರಿ, ಯಾಕಂದ್ರೆ ಅದಕ್ಕೆ ಬೇಕಾದ ನೆಟ್ ಅರ್ಹತಾ ಪರೀಕ್ಷೆಯಲ್ಲಿ ನ್ಯಾನೊ ಅಂತ ಬೇರೆ ವಿಷಯವೇ ಇಲ್ಲ.

ಸೀಟಿಗೆ ಹಾಕೋ ಮುಂಚೆ 371(ಜೆ) ಪ್ರಮಾಣಪತ್ರ, ಅಂದ್ರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯ ಪತ್ರ, ಮಾಡಿಸಿಕೊಳ್ಳಿ, ಉಪವಿಭಾಗಾಧಿಕಾರಿ ಕೊಡುತ್ತಾರೆ. ನಮ್ಮ ಭಾಗದ ಸೀಟುಗಳಲ್ಲಿ ಶೇ 70 ಸ್ಥಳೀಯರಿಗೇ. ಕೊನೇ ಗಳಿಗೆಗೆ ಬಿಟ್ಟರೆ ಓಡಾಟ ಜಾಸ್ತಿ.

ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್ ನ್ಯಾನೊ ಕಣ ಅಥವಾ ತೆಳು ಪದರದ ಮೇಲಿರಲಿ. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಹಾಯಿಸಿ ವಸ್ತುವಿನ ರಚನೆ ನೋಡುವ ಪರೀಕ್ಷೆ) ಗ್ರಾಫಿನ ಶಿಖರ ಎಷ್ಟು ಅಗಲ ಇದೆ ಅಂತ ನೋಡಿ ಕಣದ ಗಾತ್ರ ಲೆಕ್ಕ ಹಾಕೋದು ಕೈಗೆ ಬಂದರೆ ಸಂದರ್ಶನದಲ್ಲಿ ಅದೇ ಕೆಲಸಕ್ಕೆ ಬರುತ್ತದೆ, ನನಗೆ ಬಂದಿದ್ದೂ ಅದೇ.

ಅದೇ ವರ್ಷ ಎಂ.ಟೆಕ್ ಪ್ರವೇಶಕ್ಕೆ ಬೇಕಾಗುವ ಗೇಟ್ ಪರೀಕ್ಷೆ ಬರೆಯಿರಿ, ನಿಮ್ಮ ವಿಷಯದ ಪತ್ರಿಕೆಯನ್ನೇ ಆರಿಸಿ. ಸ್ಕೋರ್ 3 ವರ್ಷ ನಡೆಯುತ್ತದೆ. ಆಮೇಲೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮುದ್ದೇನಹಳ್ಳಿ ಕೇಂದ್ರದಂಥ ಕಡೆ ಎಂ.ಟೆಕ್‌ಗೆ ಹಾಕಿ, ಶುಲ್ಕ ಕಟ್ಟೋ ಮುಂಚೆ ಅರ್ಹತೆಯ ಸಾಲಿನಲ್ಲಿ ನಿಮ್ಮ ಎಂ.ಎಸ್ಸಿ. ವಿಷಯದ ಹೆಸರು ಇದೆಯಾ ಅಂತ ನೋಡಿಕೊಳ್ಳಿ.