ಅಜ್ಜನ ಸ್ಟ್ಯಾಂಪ್ ಸಂಗ್ರಹಕ್ಕೆ ಎಷ್ಟು ಬೆಲೆ ಬರಬಹುದು? ಬಿಡಿಬಿಡಿಯಾಗಿ ಮಾರಲಾ, ಒಟ್ಟಿಗೆ ಮಾರಲಾ?

"ಕವರುಗಳಿಗೆ ಅಂಟಿರುವ ಸ್ಟ್ಯಾಂಪುಗಳನ್ನೂ ಬಿಡಿಸಿ ಆಲ್ಬಮ್‌ಗೆ ಸೇರಿಸಿ, ಆಮೇಲೆ ಬೆಲೆ ಕೇಳೋಣ ಅಂತಿದ್ದೇನೆ" ಎಂದು ಬರೆದಿದ್ದೀರಿ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ನಾನು ಅದನ್ನೇ ಮಾಡಿದವನು.

ಅಪ್ಪ ತೀರಿಕೊಂಡ ಮೇಲೆ ಅವರ ಕಪಾಟಿನಲ್ಲಿ ನಾಲ್ಕು ಆಲ್ಬಮ್ ಸಿಕ್ಕವು, ಜೊತೆಗೆ ಒಂದು ತಗಡಿನ ಡಬ್ಬಿ. ಆಲ್ಬಮ್‌ಗಳು ನೀಟಾಗಿದ್ದವು. ಡಬ್ಬಿಯ ತುಂಬ ಹಳೇ ಕವರುಗಳು, ಇನ್ನೂರರ ಹತ್ತಿರ ಇದ್ದವು. ಕೆಲವಕ್ಕೆ ಕಲೆ ಹಿಡಿದಿತ್ತು, ಕೆಲವು ಅಂಚಿನಲ್ಲಿ ಹರಿದಿದ್ದವು. ಪಾಪ, ಬಿಡಿಸೋಕೆ ಅಪ್ಪನಿಗೆ ಟೈಮ್ ಸಿಕ್ಕಿಲ್ಲ, ನಾನೇ ಮುಗಿಸೋಣ ಅಂದುಕೊಂಡೆ. ಪ್ರೀತಿಯಿಂದಲೇ ಶುರುಮಾಡಿದ ಕೆಲಸ ಅದು.

ದಿನಾ ಸಂಜೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು. ಸ್ಟ್ಯಾಂಪ್ ಇರುವ ಮೂಲೆಯನ್ನು ಕತ್ತರಿಸಿ ನೀರಿಗೆ ಬಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕಾಗದ ಬೇರೆ, ಸ್ಟ್ಯಾಂಪ್ ಬೇರೆ. ಒಣಗಿಸಿ, ದಪ್ಪ ಪುಸ್ತಕದ ಕೆಳಗಿಟ್ಟು, ಆಲ್ಬಮ್‌ನಲ್ಲಿ ಸಾಲಾಗಿ ಜೋಡಿಸಿದೆ. ಕವರಿನ ಉಳಿದ ಭಾಗಗಳು ರದ್ದಿಗೆ ಹೋದವು.

ಆಮೇಲೆ ಡೀಲರ್ ಒಬ್ಬರಿಗೆ ತೋರಿಸಿದೆ. ವಯಸ್ಸಾದವರು. ಅಪ್ಪನ ಪುಟಗಳನ್ನು ಬೇಗಬೇಗ ತಿರುವಿದರು. ನಾನು ಹೊಸದಾಗಿ ಜೋಡಿಸಿದ ಪುಟ ಬಂದಾಗ ಕೈ ನಿಂತಿತು. ಭೂತಗನ್ನಡಿ ತೆಗೆದು ಒಂದು ನೀಲಿ ಸ್ಟ್ಯಾಂಪನ್ನು ನೋಡಿದರು. ಅದರ ಮೇಲೆ ಅಂಚೆ ಠಸ್ಸೆಯ ಅರ್ಧ ವೃತ್ತ ಮಾತ್ರ ಇತ್ತು: ಊರಿನ ಹೆಸರಿನ ಮೂರು ಅಕ್ಷರ, ತಾರೀಖಿನ ಒಂದು ತುಂಡು. "ಈ ಸೀಲಿನ ಇನ್ನರ್ಧ ಎಲ್ಲಿದೆ?" ಅಂದರು. ಕವರಿನ ಮೇಲಿತ್ತು. ಕವರು ಇರಲಿಲ್ಲ.

ಇದು ಯಾಕೆ ಇಷ್ಟು ದೊಡ್ಡ ತಪ್ಪು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಬಳಸಿದ ಒಂದು ಸಾಮಾನ್ಯ ಸ್ಟ್ಯಾಂಪಿನ ಜೊತೆಗಾರರು ಲೋಕದಲ್ಲಿ ಲಕ್ಷಗಟ್ಟಲೆ ಇರುತ್ತಾರೆ. ಅದೇ ಸ್ಟ್ಯಾಂಪ್ ಕವರಿನ ಮೇಲಿದ್ದರೆ ಅದೊಂದು ಪ್ರಯಾಣದ ದಾಖಲೆ. ಎಲ್ಲಿಂದ ಹೊರಟಿತು, ಯಾವ ದಿನ, ಎಷ್ಟು ದರ ಕೊಟ್ಟರು, ಎಲ್ಲ ಮುಂದೆಯೇ ಇರುತ್ತದೆ. ಹಿಂದೆ ತಿರುಗಿಸಿದರೆ ದಾರಿಯಲ್ಲಿ ಬಿದ್ದ ಸೀಲುಗಳು, ತಲುಪಿದ ದಿನದ ಸೀಲು. ಯುದ್ಧದ ಕಾಲದ ಕಾಗದವಾದರೆ ಸೆನ್ಸಾರ್‌ನವರು ತೆರೆದು ಮತ್ತೆ ಅಂಟಿಸಿದ ಪಟ್ಟಿ. ರಿಜಿಸ್ಟರ್ ಮಾಡಿದ್ದರೆ ಅದರ ನಂಬರಿನ ಚೀಟಿ. ಇವುಗಳನ್ನೇ ಹುಡುಕಿ ಕೊಳ್ಳುವ ಸಂಗ್ರಾಹಕರು ಬೇರೆಯೇ ಇದ್ದಾರೆ. ಅವರಿಗೆ ಸ್ಟ್ಯಾಂಪಿಗಿಂತ ಪುಟ್ಟ ಅಂಚೆ ಕಚೇರಿಯೊಂದರ ಪೂರ್ತಿ ಸೀಲು ಮುಖ್ಯ. ಎಲ್ಲ ಕವರಿಗೂ ಬೆಲೆ ಇರುತ್ತೆ ಅಂತಲ್ಲ. ಆದರೆ ಯಾವುದಕ್ಕಿದೆ ಅಂತ ಗೊತ್ತಿಲ್ಲದವರು ಕತ್ತರಿ ಹಿಡಿಯಬಾರದು. ಬಿಡಿಸಿದ್ದನ್ನು ಮತ್ತೆ ಅಂಟಿಸೋಕೆ ಆಗಲ್ಲ, ಅಂಟಿಸಿದರೆ ಅದು ಮೋಸ.

ನೀರಿನಿಂದ ಇನ್ನೊಂದು ಹಾನಿಯೂ ಆಯಿತು. ಒಂದು ಕೆಂಪು ಕವರಿನ ಬಣ್ಣ ಬಿಟ್ಟು ಅದೇ ಬೋಗುಣಿಯಲ್ಲಿದ್ದ ಹತ್ತಾರು ಸ್ಟ್ಯಾಂಪುಗಳು ಗುಲಾಬಿಯಾದವು. ಕೆಲವು ಸ್ಟ್ಯಾಂಪುಗಳ ಬಣ್ಣವೇ ನೀರಲ್ಲಿ ಹೋಗುತ್ತದೆ. ಬ್ರಿಟನ್ನಿನಲ್ಲಿ 1883-84ರ ತಿಳಿನೇರಳೆ ಮತ್ತು ಹಸಿರು ಸ್ಟ್ಯಾಂಪುಗಳನ್ನು ಬೇಕಂತಲೇ ಹಾಗೆ ಅಚ್ಚು ಹಾಕಿದ್ದರು, ಸೀಲು ತೊಳೆದು ಯಾರೂ ಮತ್ತೆ ಬಳಸಬಾರದು ಎಂದು. ಇನ್ನು ಬಳಸದ ಸ್ಟ್ಯಾಂಪಿನ ಹಿಂದಿನ ಅಂಟು ಮುಟ್ಟದೆ ಹಾಗೇ ಇದ್ದರೆ ಅದಕ್ಕೇ ಜಾಸ್ತಿ ಬೆಲೆ. ಆಲ್ಬಮ್‌ಗೆ ಕೂರಿಸೋಕೆ ಹಿಂದೆ ಅಂಟಿಸಿರುವ ಪುಟ್ಟ ಕಾಗದದ ಚೂರನ್ನೂ (ಹಿಂಜ್) ಎಳೆಯಬೇಡಿ. ಬೆರಳಿಂದ ಹಿಡಿಯಬೇಡಿ, ಚಿಮುಟ ಬಳಸಿ.

"ನೂರು ವರ್ಷ ಹಳೆಯದು, ಬೆಲೆ ಇರಲೇಬೇಕು" ಅಂದಿದ್ದೀರಿ. ಇದನ್ನು ನಾನು ಒಪ್ಪಲ್ಲ. ಜಗತ್ತಿನ ಮೊದಲ ಸ್ಟ್ಯಾಂಪ್ 1840ರ ಪೆನ್ನಿ ಬ್ಲ್ಯಾಕ್. ಸುಮಾರು 6.8 ಕೋಟಿ ಅಚ್ಚಾಗಿತ್ತು, ಈಗಲೂ ಸಾಕಷ್ಟು ಸಿಗುತ್ತದೆ. ಹಾಳೆಯಿಂದ ಕತ್ತರಿಸುವಾಗ ನಾಲ್ಕೂ ಕಡೆ ಅಂಚು ಉಳಿದಿದೆಯಾ ಅಂತ ನೋಡಿ ಬೆಲೆ ಕಟ್ಟುತ್ತಾರೆ. ವಿಮಾನ ತಲೆಕೆಳಗಾಗಿ ಅಚ್ಚಾದ ಅಮೆರಿಕದ 1918ರ ಸ್ಟ್ಯಾಂಪ್ ಅದಕ್ಕಿಂತ ಎಷ್ಟೋ ಹೊಸದು. ಆದರೆ ಹೊರಗೆ ಬಂದದ್ದು ನೂರು ಸ್ಟ್ಯಾಂಪಿನ ಒಂದೇ ಹಾಳೆ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಹೇಗಿದೆ, ಇಷ್ಟೇ ಲೆಕ್ಕ. ಆಲ್ಬಮ್‌ನಲ್ಲಿ ಬಣ್ಣಬಣ್ಣದ ಹಕ್ಕಿ, ರಾಕೆಟ್ ಸ್ಟ್ಯಾಂಪುಗಳಿದ್ದು, ಮೂಲೆಯಲ್ಲಿ ಅಚ್ಚುಕಟ್ಟಾದ ಸೀಲು, ಹಿಂದೆ ಅಂಟು ಹಾಗೇ ಇದ್ದರೆ, ಅವು ಬಹುಮಟ್ಟಿಗೆ ಅಂಚೆಗೆ ಹೋಗದೆ ಸಂಗ್ರಾಹಕರಿಗಾಗಿ ಸೀಲು ಹಾಕಿ ಮಾರಿದವು. ಅವುಗಳ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಫೋಟೋ ನೋಡಿ ಆ್ಯಪ್ ತೋರಿಸುವ ಬೆಲೆಯನ್ನೂ ನಂಬಬೇಡಿ. ಚಿತ್ರ ಒಂದೇ ಥರ ಇದ್ದರೆ ಸಾಲದು. ಸ್ಟ್ಯಾಂಪಿನ ಅಂಚಿನ ಹಲ್ಲುಗಳನ್ನು ಎರಡು ಸೆಂಟಿಮೀಟರಿಗೆ ಎಷ್ಟು ಎಂದು ಎಣಿಸಬೇಕು, ಕಾಗದದೊಳಗಿನ ನೀರಚ್ಚು (ವಾಟರ್‌ಮಾರ್ಕ್) ನೋಡಬೇಕು. ಸ್ಟ್ಯಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಖೆಲ್ ಕ್ಯಾಟಲಾಗ್‌ಗಳು ಸ್ಟ್ಯಾಂಪನ್ನು ಗುರುತು ಹಿಡಿಯೋಕೆ ಬೇಕೇ ಬೇಕು. ಆದರೆ ಅಲ್ಲಿರುವ ಬೆಲೆ ಒಳ್ಳೆ ಸ್ಥಿತಿಯ ಪ್ರತಿಯನ್ನು ಅಂಗಡಿಯಿಂದ ಕೊಳ್ಳುವವರಿಗೆ. ಮಾರುವ ನಿಮ್ಮ ಕೈಗೆ ಬರುವುದು ಅದಕ್ಕಿಂತ ತುಂಬಾ ಕಡಿಮೆ. ಹರಾಜಿನಲ್ಲಿ ಅಂಥದ್ದೇ ಸ್ಟ್ಯಾಂಪು ನಿಜವಾಗಿ ಎಷ್ಟಕ್ಕೆ ಹೋಗಿದೆ ಅಂತ ಹುಡುಕಿ ನೋಡಿ.

ಬಿಡಿಯೋ ಒಟ್ಟಿಗೋ ಅನ್ನುವುದು ಕೊನೆಯ ಪ್ರಶ್ನೆ. ಮೊದಲು, ನಿಮ್ಮಿಂದ ಕೊಳ್ಳುವ ಉದ್ದೇಶ ಇಲ್ಲದ ಒಬ್ಬ ಸಂಗ್ರಾಹಕರಿಗೆ ಎಲ್ಲವನ್ನೂ ಇದ್ದ ಹಾಗೆಯೇ ತೋರಿಸಿ. ಆಮೇಲೆ ಇಬ್ಬರು ಮೂವರು ಡೀಲರ್‌ಗಳ ಹತ್ತಿರ ಹೋಗಿ. "ಈ ನಾಲ್ಕು ಮಾತ್ರ ಕೊಡಿ" ಅಂದವರಿಗೆ ಅವತ್ತೇ ಕೊಡಬೇಡಿ. ಒಳ್ಳೆಯದೇನಾದರೂ ಇದ್ದರೆ ಹರಾಜಿಗೆ ಹಾಕಿ, ಕಮಿಷನ್ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ನನ್ನ ಡಬ್ಬಿಯ ತಳದಲ್ಲಿ ಏಳು ಕವರು ಉಳಿದಿದ್ದವು, ಬೇಜಾರಾಗಿ ಬಿಟ್ಟಿದ್ದೆ. ಅವುಗಳಲ್ಲಿ ಮೂರನ್ನು ಆ ಡೀಲರೇ ತೆಗೆದುಕೊಂಡರು. ಆ ಮೂರಕ್ಕೆ ಬಂದ ಹಣ ಎರಡು ಆಲ್ಬಮ್‌ಗೆ ಬಂದದ್ದಕ್ಕಿಂತ ಜಾಸ್ತಿ. ರದ್ದಿಗೆ ಹೋದವುಗಳಲ್ಲಿ ಏನಿತ್ತೋ, ಈಗಲೂ ಕೆಲವು ರಾತ್ರಿ ನೆನೆಸಿಕೊಳ್ಳುತ್ತೇನೆ.

ನಿಮ್ಮ ಹತ್ತಿರ ಇನ್ನೂ ಬಿಡಿಸದ ಕವರು ಎಷ್ಟಿವೆ? ಫೋಟೋ ಹಾಕಿ, ನೋಡಿ ಹೇಳುತ್ತೇನೆ. ವಿಳಾಸ ಮುಚ್ಚಿ. ಹಿಂಬದಿಯ ಫೋಟೋನೂ ಬೇಕು.