ಚಿಪ್ ತಯಾರಕರ ಲೈಬ್ರರಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಪ್ರಶ್ನೆ: ನಮ್ಮ ಅಳತೆಯ ಉಪಕರಣವೊಂದರಲ್ಲಿ ಮೈಕ್ರೊಕಂಟ್ರೋಲರ್ ತಯಾರಕರೇ ಕೊಟ್ಟ ಲೈಬ್ರರಿಯನ್ನು ಬಳಸುತ್ತಿದ್ದೇವೆ. ಸೀರಿಯಲ್ ಪೋರ್ಟ್‌ಗೆ ಬರುವ ಬೈಟ್‌ಗಳನ್ನು ಇಂಟರಪ್ಟ್ (ಪ್ರೊಸೆಸರ್ ಕೈಯಲ್ಲಿರುವ ಕೆಲಸ ಬಿಟ್ಟು ತಕ್ಷಣ ಗಮನ ಕೊಡುವಂತೆ ಮಾಡುವ ಸಂಕೇತ) ಮೂಲಕ ಓದಿಕೊಳ್ಳುತ್ತೇವೆ. ಕಳುಹಿಸುವ ಕೆಲಸವನ್ನು ಮುಖ್ಯ ಲೂಪ್‌ನಲ್ಲಿ, ಮುಗಿಯುವ ತನಕ ಕಾಯುವ ಫಂಕ್ಷನ್‌ನಿಂದ ಮಾಡುತ್ತೇವೆ. ಕೆಲವು ಗಂಟೆಗಳ ಕಾಲ ಎಲ್ಲವೂ ಸರಿಯಾಗಿ ನಡೆದು, ಆಮೇಲೆ ಇದ್ದಕ್ಕಿದ್ದಂತೆ ಬೈಟ್‌ಗಳು ಬರುವುದು ನಿಂತುಹೋಗುತ್ತದೆ. ರೀಸೆಟ್ ಮಾಡಿದರೆ ಮಾತ್ರ ಮತ್ತೆ ಶುರುವಾಗುತ್ತದೆ. ಲೈಬ್ರರಿಯನ್ನೇ ಕಿತ್ತುಹಾಕಿ ನೇರವಾಗಿ ಚಿಪ್‌ನ ರಿಜಿಸ್ಟರ್‌ಗಳಿಗೆ (ಹಾರ್ಡ್‌ವೇರನ್ನು ನಿಯಂತ್ರಿಸುವ ಸ್ಥಾನಗಳಿಗೆ) ಬರೆಯೋಣ ಎನ್ನುತ್ತಾರೆ ನಮ್ಮ ಹಿರಿಯ ಎಂಜಿನಿಯರ್. ಚಿಪ್ ಮಾಡಿದವರ ಕೋಡ್ ತಪ್ಪಿರಲಾರದು ಎನ್ನುತ್ತಾರೆ ನಮ್ಮ ಮ್ಯಾನೇಜರ್. ಯಾರ ಮಾತು ಸರಿ?

ಉತ್ತರ: ಮೊದಲು ದೋಷ ಎಲ್ಲಿದೆ ಎಂದು ಹುಡುಕೋಣ. ಉಪಕರಣ ನಿಂತ ಹೊತ್ತಿನಲ್ಲಿ ಡೀಬಗರ್ ಜೋಡಿಸಿ, ಸೀರಿಯಲ್ ಪೋರ್ಟ್‌ನ ಕಂಟ್ರೋಲ್ ರಿಜಿಸ್ಟರ್‌ನಲ್ಲಿ ಸ್ವೀಕಾರದ ಇಂಟರಪ್ಟ್‌ಗೆ ಅನುಮತಿ ಕೊಡುವ ಬಿಟ್ ಇನ್ನೂ 1 ಆಗಿದೆಯೇ ನೋಡಿ. ಅದು 0 ಆಗಿದ್ದರೆ ಹಾಗೆ ಮಾಡಿದ್ದು ಲೈಬ್ರರಿಯೇ ಎಂದು ಬಹುಮಟ್ಟಿಗೆ ಹೇಳಬಹುದು, ಮತ್ತು ಅದು 0 ಆಗಿಯೇ ಉಳಿಯುವ ಸಂದರ್ಭಗಳು ಸಾಮಾನ್ಯವಾಗಿ ಎರಡು.

ಒಂದನೆಯದು ಓವರ್‌ರನ್, ಅಂದರೆ ಹಿಂದಿನ ಬೈಟನ್ನು ಓದುವ ಮೊದಲೇ ಮುಂದಿನದು ಬಂದುಬಿಡುವುದು. ಪ್ರತಿ ಸೆಕೆಂಡಿಗೆ 115200 ಬಿಟ್‌ಗಳ ವೇಗದಲ್ಲಿ, ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್ ಸೇರಿ 10 ಬಿಟ್‌ಗಳ ಒಂದು ಬೈಟ್ ಬರಲು ಸುಮಾರು 87 ಮೈಕ್ರೊಸೆಕೆಂಡ್ ಸಾಕು. ಹಾರ್ಡ್‌ವೇರ್‌ನಲ್ಲಿ ಫಿಫೊ (ಬಂದ ಬೈಟ್‌ಗಳನ್ನು ಸಾಲಾಗಿ ಹಿಡಿದಿಡುವ ಪುಟ್ಟ ಮೆಮೊರಿ) ಇಲ್ಲದಿದ್ದರೆ ಅಷ್ಟರೊಳಗೆ ಹಿಂದಿನ ಬೈಟನ್ನು ಓದಿ ಮುಗಿಸಿರಬೇಕು. ಬೇರೊಂದು ಇಂಟರಪ್ಟ್ ಅದಕ್ಕಿಂತ ಹೆಚ್ಚು ಹೊತ್ತು ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೆ ಒಂದು ಬೈಟ್ ಕಳೆದುಹೋಗುತ್ತದೆ. ಆಗ ಕೆಲವು ಲೈಬ್ರರಿಗಳು ದೋಷವನ್ನು ವರದಿ ಮಾಡಿ ಸ್ವೀಕಾರವನ್ನೇ ರದ್ದುಪಡಿಸುತ್ತವೆ. ದೋಷದ ಕಾಲ್‌ಬ್ಯಾಕ್‌ನಲ್ಲಿ (ದೋಷವಾದಾಗ ಲೈಬ್ರರಿ ಕರೆಯುವ, ನೀವು ಬರೆದ ಫಂಕ್ಷನ್‌ನಲ್ಲಿ) ಸ್ವೀಕಾರವನ್ನು ಮತ್ತೆ ಆರಂಭಿಸುವ ಹೊಣೆ ಬಳಸುವವರದು. ನೀವು ಆ ಕಾಲ್‌ಬ್ಯಾಕ್ ಬರೆದೇ ಇಲ್ಲದಿದ್ದರೆ ಪೋರ್ಟ್ ಮೌನವಾಗುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮವಾದದ್ದು, ನಿಮ್ಮ ವಿವರಣೆಗೆ ಹೆಚ್ಚು ಹೊಂದುವಂಥದ್ದು. ಕಳುಹಿಸುವುದಕ್ಕೂ ಸ್ವೀಕರಿಸುವುದಕ್ಕೂ ಒಂದೇ ಸ್ಟ್ರಕ್ಚರ್ (ಮಾಹಿತಿಯ ಕಟ್ಟು), ಅದರೊಳಗೆ ಒಂದೇ ಲಾಕ್ (ಒಬ್ಬರು ಬಳಸುವಾಗ ಇನ್ನೊಬ್ಬರನ್ನು ತಡೆಯುವ ಗುರುತು) ಇಟ್ಟಿರುವ ಲೈಬ್ರರಿಗಳಿವೆ. 100 ಬೈಟ್ ಕಳುಹಿಸಲು ಬೇಕಾಗುವ ಸುಮಾರು 8.7 ಮಿಲಿಸೆಕೆಂಡ್ ಕಾಲ ಮುಖ್ಯ ಲೂಪ್ ಆ ಲಾಕ್ ಹಿಡಿದಿರುವಾಗಲೇ ಸ್ವೀಕಾರದ ಒಂದು ಸುತ್ತು ಮುಗಿದು, ಇಂಟರಪ್ಟ್‌ನೊಳಗಿಂದ ಮುಂದಿನ ಸುತ್ತನ್ನು ಆರಂಭಿಸಲು ನೀವು ಕರೆದ ಫಂಕ್ಷನ್ ‘ಬ್ಯುಸಿ’ ಎಂಬ ಮೌಲ್ಯವನ್ನು ಹಿಂತಿರುಗಿಸುತ್ತದೆ. ಆ ಮೌಲ್ಯವನ್ನು ಪರೀಕ್ಷಿಸದೆ ಮುಂದೆ ಹೋದರೆ ಸ್ವೀಕಾರ ಮತ್ತೆಂದೂ ಆರಂಭವಾಗುವುದಿಲ್ಲ. ಈ ಎರಡು ಘಟನೆಗಳು ಒಂದೇ ಗಳಿಗೆಯಲ್ಲಿ ಕೂಡಿಬರುವುದು ಅಪರೂಪವಾದ್ದರಿಂದಲೇ ದೋಷ ಕಾಣಿಸಿಕೊಳ್ಳಲು ಗಂಟೆಗಳು ಬೇಕಾಗುತ್ತವೆ. ತಯಾರಕರ ಉದಾಹರಣೆಯ ಪ್ರೋಗ್ರಾಂಗಳು ಸಾಮಾನ್ಯವಾಗಿ ಕಳುಹಿಸಿ, ನಂತರ ಸ್ವೀಕರಿಸುವಂಥವು. ಎರಡೂ ಒಟ್ಟಿಗೆ ನಡೆಯುವ ನಿಮ್ಮ ಸ್ಥಿತಿ ಅವುಗಳಲ್ಲಿ ಎದುರಾಗುವುದೇ ಇಲ್ಲ.

ಆದ್ದರಿಂದ ಮ್ಯಾನೇಜರ್ ಮಾತನ್ನು ನಾನು ಒಪ್ಪಲಾರೆ. ಉತ್ಪನ್ನದೊಳಗೆ ಸೇರಿದ ದಿನದಿಂದ ಆ ಕೋಡ್ ನಿಮ್ಮದೇ. ಉಪಕರಣ ನಿಂತಾಗ ಗ್ರಾಹಕರು ದೂರುವುದು ನಿಮ್ಮನ್ನು. ಹಿರಿಯ ಎಂಜಿನಿಯರ್ ಹೇಳಿದಂತೆ ಎಲ್ಲವನ್ನೂ ಕಿತ್ತುಹಾಕುವುದೂ ಸರಿಯಲ್ಲ, ಏಕೆಂದರೆ ತಯಾರಕರ ಎರಾಟಾ (ಚಿಪ್‌ನ ತಿಳಿದ ದೋಷಗಳ) ಪತ್ರದಲ್ಲಿ ಪಟ್ಟಿ ಮಾಡಿರುವ ಸಿಲಿಕಾನ್ ದೋಷಗಳಲ್ಲಿ ಹಲವಕ್ಕೆ ಲೈಬ್ರರಿಯೊಳಗೆ ಈಗಾಗಲೇ ಪರಿಹಾರ ಬರೆದಿರುತ್ತದೆ, ಮತ್ತು ಯುಎಸ್‌ಬಿಯಂಥ ಪ್ರೋಟೋಕಾಲನ್ನು ಮೊದಲಿನಿಂದ ಬರೆಯಲು ಹೊರಟವರು ಆ ದೋಷಗಳನ್ನೆಲ್ಲ ಒಂದೊಂದಾಗಿ ಮತ್ತೆ ಕಂಡುಹಿಡಿಯಬೇಕಾಗುತ್ತದೆ. ಕ್ಲಾಕ್ ಹೊಂದಿಸುವುದು, ಯುಎಸ್‌ಬಿ, ಫೈಲ್ ಸಿಸ್ಟಂ ಇವುಗಳನ್ನು ಲೈಬ್ರರಿಗೇ ಬಿಡಿ. ಸೀರಿಯಲ್ ಪೋರ್ಟ್‌ಗೆ ಮಾತ್ರ, ಎರಡು ರಿಂಗ್ ಬಫರ್‌ಗಳೂ (ತುದಿ ಮುಟ್ಟಿದ ಮೇಲೆ ಮೊದಲಿಗೆ ಮರಳುವ ಮೆಮೊರಿ ಸಾಲುಗಳು) ಒಂದು ಇಂಟರಪ್ಟ್ ಫಂಕ್ಷನ್ನೂ ಇರುವ ನಿಮ್ಮದೇ ಡ್ರೈವರ್ ಬರೆದುಕೊಳ್ಳಿ. ರೆಫರೆನ್ಸ್ ಮ್ಯಾನ್ಯುಯಲ್ ಪಕ್ಕದಲ್ಲಿಟ್ಟುಕೊಂಡರೆ ಅದೇನೂ ದೊಡ್ಡ ಕೆಲಸವಲ್ಲ.

ಲೈಬ್ರರಿಯಿಂದ ಉಳಿಸಿಕೊಳ್ಳುವ ಪ್ರತಿಯೊಂದು ಫಂಕ್ಷನ್‌ನ ಮೂಲವನ್ನು ಒಮ್ಮೆಯಾದರೂ ಓದಬೇಕೆಂದು ಒತ್ತಿ ಹೇಳುತ್ತೇನೆ. ಅದು ಎಷ್ಟು ಹೊತ್ತು ಕಾಯುತ್ತದೆ, ಟೈಮ್‌ಔಟ್ ಇಲ್ಲದ ಲೂಪ್ ಎಲ್ಲಾದರೂ ಇದೆಯೇ, ಇಂಟರಪ್ಟ್‌ನೊಳಗಿಂದ ಕರೆದರೆ ಏನಾಗುತ್ತದೆ ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ. ಟೈಮರ್ ಇಂಟರಪ್ಟ್ ಎಣಿಸುವ ಟಿಕ್‌ಗಳನ್ನು ನಂಬಿ ಕಾಯುವ ಡಿಲೇ ಫಂಕ್ಷನನ್ನು, ಆ ಟೈಮರ್‌ಗಿಂತ ಮೇಲಿನ ಅಥವಾ ಅದಕ್ಕೆ ಸಮನಾದ ಆದ್ಯತೆಯ ಇಂಟರಪ್ಟ್‌ನೊಳಗೆ ಕರೆದರೆ ಟಿಕ್ ಮುಂದೆ ಸರಿಯುವುದೇ ಇಲ್ಲ, ಫಂಕ್ಷನ್ ಹಿಂತಿರುಗುವುದೂ ಇಲ್ಲ. ಕಾರ್ಟೆಕ್ಸ್-ಎಂ7 ಪ್ರೊಸೆಸರ್‌ನಲ್ಲಿ ಡೇಟಾ ಕ್ಯಾಶ್ (ಪ್ರೊಸೆಸರ್ ಪಕ್ಕದ ವೇಗದ ನಕಲು ಮೆಮೊರಿ) ಚಾಲೂ ಮಾಡಿ ಡಿಎಂಎ (ಪ್ರೊಸೆಸರ್ ನೆರವಿಲ್ಲದೆ ಮೆಮೊರಿಗೆ ಮಾಹಿತಿ ಸಾಗಿಸುವ ಹಾರ್ಡ್‌ವೇರ್) ಬಳಸುವವರು, ಬಫರನ್ನು 32 ಬೈಟ್‌ಗಳ ಕ್ಯಾಶ್ ಲೈನ್‌ಗೆ ಹೊಂದಿಸಿ ಕ್ಯಾಶನ್ನೂ ಮೆಮೊರಿಯನ್ನೂ ಒಂದಕ್ಕೊಂದು ಹೊಂದಿಸುವ ಕೆಲಸವನ್ನು ತಾವೇ ಮಾಡಬೇಕಾಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಹಲವು ಡ್ರೈವರ್‌ಗಳು ಅದನ್ನು ಮಾಡಿಕೊಡುವುದಿಲ್ಲ.

ಉಳಿದ ಪ್ರೋಗ್ರಾಂ ಲೈಬ್ರರಿಯನ್ನು ನೇರವಾಗಿ ಕರೆಯದಂತೆ ನಡುವೆ ನಿಮ್ಮದೇ ತೆಳುವಾದ ಪದರವೊಂದು ಇರಲಿ. ಚಿಪ್ ತಯಾರಕ ಎಸ್‌ಟಿಮೈಕ್ರೊಎಲೆಕ್ಟ್ರಾನಿಕ್ಸ್ ತನ್ನ ಸ್ಟ್ಯಾಂಡರ್ಡ್ ಪೆರಿಫೆರಲ್ ಲೈಬ್ರರಿಯನ್ನು ಹೊಸ ಚಿಪ್ ಕುಟುಂಬಗಳಿಗೆ ವಿಸ್ತರಿಸದೆ ಎಚ್ಎಎಲ್ ಎಂಬ ಹೊಸ ಲೈಬ್ರರಿಗೆ ಹೊರಳಿದಾಗ ಫಂಕ್ಷನ್‌ಗಳ ಹೆಸರುಗಳೂ ಕರೆಯುವ ಕ್ರಮವೂ ಬದಲಾದವು. ಅಂಥ ಪದರ ಇದ್ದವರಿಗೆ ತಿದ್ದಬೇಕಾದ ಫೈಲ್‌ಗಳು ಕೆಲವೇ. ಲೈಬ್ರರಿಯ ಆವೃತ್ತಿಯನ್ನು ನಿಮ್ಮ ಕೋಡ್ ಭಂಡಾರದಲ್ಲೇ ಇಟ್ಟು, ಕಾರಣವಿಲ್ಲದೆ ಬದಲಿಸಬೇಡಿ.

ಪ್ರಶ್ನೆ: ನೆಟ್‌ವರ್ಕ್ ಸ್ಟ್ಯಾಕ್ (ಜಾಲ ಸಂಪರ್ಕವನ್ನು ನಡೆಸುವ ತಂತ್ರಾಂಶ) ಸಿದ್ಧವಾಗಿಯೇ ಬಂದಿದೆ, ಪೂರೈಕೆದಾರರು ಪರೀಕ್ಷಿಸಿದ್ದೇವೆ ಎಂದಿದ್ದಾರೆ. ಅಷ್ಟು ಸಾಲದೇ?

ಉತ್ತರ: ಸಾಲದು. ಜೂನ್ 2020ರಲ್ಲಿ ಜೆಎಸ್ಒಎಫ್ ಎಂಬ ಭದ್ರತಾ ಸಂಶೋಧನಾ ಸಂಸ್ಥೆ ಟ್ರೆಕ್ ಕಂಪನಿಯ ಟಿಸಿಪಿ/ಐಪಿ (ಇಂಟರ್ನೆಟ್ ಸಂವಹನ ನಿಯಮಗಳ) ಸ್ಟ್ಯಾಕ್‌ನಲ್ಲಿ 19 ದೋಷಗಳನ್ನು ಪ್ರಕಟಿಸಿತು. ರಿಪಲ್20 ಎಂದು ಅವು ಹೆಸರಾದವು. ಕೆಲವು ದೋಷಗಳ ಮೂಲಕ ದೂರದಿಂದಲೇ ಉಪಕರಣದಲ್ಲಿ ಕೋಡ್ ಓಡಿಸಲು ಸಾಧ್ಯವಿತ್ತು. ನನ್ನನ್ನು ಹೆಚ್ಚು ಕಳವಳಗೊಳಿಸುವುದು ಬೇರೊಂದು ಸಂಗತಿ: ಆ ಸ್ಟ್ಯಾಕ್ ಕೈಯಿಂದ ಕೈಗೆ ದಾಟುತ್ತಾ, ಬೇರೆಯವರ ಲೈಬ್ರರಿಗಳ ಒಳಗೆ ಸೇರಿಕೊಂಡು ಹೋಗಿದ್ದರಿಂದ, ತಮ್ಮ ಉಪಕರಣದಲ್ಲಿ ಅದು ಇದೆಯೆಂದೇ ಅನೇಕ ತಯಾರಕರಿಗೆ ತಿಳಿದಿರಲಿಲ್ಲ. ವೈದ್ಯಕೀಯ ಉಪಕರಣಗಳ ತಂತ್ರಾಂಶಕ್ಕೆ ಸಂಬಂಧಿಸಿದ ಐಇಸಿ 62304 ಮಾನದಂಡವು ಹೊರಗಿನಿಂದ ತಂದ ಇಂಥ ತಂತ್ರಾಂಶದ ಹೆಸರು, ತಯಾರಕ, ಆವೃತ್ತಿಗಳನ್ನು ದಾಖಲಿಸಬೇಕೆನ್ನುತ್ತದೆ. ನಿಮ್ಮ ಕ್ಷೇತ್ರ ಯಾವುದೇ ಇರಲಿ, ಆ ಪಟ್ಟಿಯನ್ನು ಇಂದೇ ಮಾಡಿಕೊಳ್ಳಿ, ಮತ್ತು ಸ್ಟ್ಯಾಕ್‌ನ ಒಳಗಿನ ಭಾಗಗಳು ಯಾರವು ಎಂದು ಪೂರೈಕೆದಾರರಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ: ಮೂಲ ಕೋಡ್ ಕೊಡದೆ ಬರೀ ಬೈನರಿ (ಓದಲಾಗದ, ಕಂಪೈಲ್ ಆದ ಕೋಡ್) ಕೊಡುತ್ತಾರೆ. ಒಪ್ಪಬಹುದೇ?

ಉತ್ತರ: ವೈ-ಫೈ, ಬ್ಲೂಟೂತ್‌ಗಳಲ್ಲಿ ಎಷ್ಟೋ ಸಲ ಬೇರೆ ದಾರಿಯಿರುವುದಿಲ್ಲ. ಒಪ್ಪುವುದಾದರೆ ಯಾವ ಕಂಪೈಲರ್ ಆವೃತ್ತಿಯಿಂದ ಕಟ್ಟಿದ್ದು, ಫಂಕ್ಷನ್‌ಗಳ ತಾತ್ಕಾಲಿಕ ಮಾಹಿತಿಗೆ ಎಷ್ಟು ಸ್ಟ್ಯಾಕ್ ಮೆಮೊರಿ ಬೇಕು, ಯಾವ ಇಂಟರಪ್ಟ್‌ಗಳನ್ನು ಬಳಸುತ್ತದೆ, ಅವುಗಳನ್ನು ಗರಿಷ್ಠ ಎಷ್ಟು ಹೊತ್ತು ತಡೆಹಿಡಿಯುತ್ತದೆ ಎಂಬ ನಾಲ್ಕು ವಿವರಗಳನ್ನು ಮೊದಲೇ ಪಡೆದುಕೊಳ್ಳಿ. ಕೊನೆಯದನ್ನು ಪೂರೈಕೆದಾರರು ಹೇಳದಿದ್ದರೆ, ನಿಯತ ಅಂತರದಲ್ಲಿ ಬರುವ ಟೈಮರ್ ಇಂಟರಪ್ಟ್‌ನಲ್ಲಿ ಒಂದು ಪಿನ್ನನ್ನು ಬದಲಿಸುತ್ತಾ, ರೇಡಿಯೊ ಪೂರ್ಣ ಭಾರದಲ್ಲಿ ಓಡುತ್ತಿರುವಾಗ ಅದು ಎಷ್ಟು ತಡವಾಗುತ್ತದೆ ಎಂದು ಆಸಿಲೋಸ್ಕೋಪ್‌ನಲ್ಲಿ ನೀವೇ ಅಳೆಯಬಹುದು.