ಮುಂಬಯಿಯಲ್ಲಿ ಕರಾವಳಿಯವರು ಮೇಲೆ ಬಂದರು, ಕಲಬುರಗಿ ಕಡೆಯವರು ಯಾಕೆ ಬರಲಿಲ್ಲ?

ನಿಮ್ಮ ಪ್ರಶ್ನೆ ಓದಿದೆ. ಕಾಲೇಜಿನ ಪ್ರಾಜೆಕ್ಟಿಗೆ ಮುಂಬಯಿಗೆ ಬಂದು ನೆಲೆಸಿದ ಎರಡು ಕನ್ನಡ ಸಮುದಾಯಗಳನ್ನು ಹೋಲಿಸುತ್ತಿದ್ದೀರಿ. ಒಂದು ದಕ್ಷಿಣ ಕನ್ನಡ, ಉಡುಪಿಯವರು. ಇನ್ನೊಂದು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು. ಮೊದಲನೆಯವರು ಹೋಟೆಲು, ಬ್ಯಾಂಕು, ಸಭಾಭವನ ಅಂತ ಬೆಳೆದರು, ಎರಡನೆಯವರು ಇನ್ನೂ ಕಟ್ಟಡದ ಕೆಲಸದಲ್ಲೇ ಇದ್ದಾರೆ, ಇದು ದುಡಿಯುವ ಸ್ವಭಾವದ ವ್ಯತ್ಯಾಸವೇ ಅಂತ ಕೇಳಿದ್ದೀರಿ.

ಅಲ್ಲ. ಸ್ವಭಾವದ ಮಾತನ್ನು ಮೊದಲೇ ಪಕ್ಕಕ್ಕಿಡಿ. ಬೆಳಿಗ್ಗೆ ಎಂಟಕ್ಕೆ ನಾಕಾದಲ್ಲಿ, ಅಂದರೆ ದಿನಗೂಲಿಯವರು ಕೆಲಸಕ್ಕೆ ಕಾಯುವ ರಸ್ತೆ ಮೂಲೆಯಲ್ಲಿ ನಿಂತು, ಇಡೀ ದಿನ ಮೂರನೇ ಮಾಳಿಗೆಗೆ ಇಟ್ಟಿಗೆ ಹೊತ್ತು, ರಾತ್ರಿ ತಗಡಿನ ಶೆಡ್ಡಿನ ಮುಂದೆ ಕೂತು ರೊಟ್ಟಿ ಬಡಿಯುವ ಹೆಂಗಸನ್ನು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ನೀವಿನ್ನೂ ನೋಡಿಲ್ಲ ಅಂದುಕೊಳ್ಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಕಾರ್ಕಳದ ಕಡೆಯವಳು. ಅಪ್ಪ ಮಾಟುಂಗದ ಒಂದು ಹೋಟೆಲಿನಲ್ಲಿದ್ದರು. 1985ರಿಂದ 2020ರ ತನಕ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಟೀಚರ್ ಆಗಿದ್ದೆ. ಇಲ್ಲಿಯ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಊರಿನಲ್ಲಿ ಇದನ್ನು ಹೇಳಿದರೆ ಈಗಲೂ ಜನ ನಂಬುವುದಿಲ್ಲ. ನಾನು ಸೇರಿದಾಗ ನನ್ನ ಹಾಜರಿ ಪುಸ್ತಕದ ತುಂಬ ಶೆಟ್ಟಿ, ಕೋಟ್ಯಾನ್, ಸಾಲಿಯಾನ್, ಬಂಗೇರ. ನಿವೃತ್ತಿಯಾಗುವ ಹೊತ್ತಿಗೆ ರಾಠೋಡ, ಪವಾರ, ದೊಡಮನಿ, ತಳವಾರ. ಪೂಜಾರಿ ಅನ್ನುವ ಅಡ್ಡಹೆಸರಿನವರು ಮಾತ್ರ ಮೊದಲಿನಿಂದ ಕೊನೆಯವರೆಗೂ ಇದ್ದರು. ಮೊದಲು ನಮ್ಮ ಕಡೆಯ ಪೂಜಾರಿಗಳು, ಆಮೇಲೆ ಅವರ ಕಡೆಯ ಪೂಜಾರಿಗಳು. ನನ್ನನ್ನು ಟೀಚರ್ ಅನ್ನುತ್ತಿದ್ದ ಮಕ್ಕಳು ಹೋಗಿ 'ಅಕ್ಕೋರ' ಅನ್ನುವ ಮಕ್ಕಳು ಬಂದರು.

ನಾನು ಕಂಡ ವ್ಯತ್ಯಾಸ ಒಂದೇ. ಹೋಟೆಲು ಇದ್ದಲ್ಲೇ ಇರುತ್ತದೆ. ಕಟ್ಟಡ ಮುಗಿದ ಮೇಲೆ ಕಟ್ಟಿದವರು ಜಾಗ ಬಿಡಬೇಕು. ಉಳಿದದ್ದೆಲ್ಲ ಹೆಚ್ಚುಕಡಿಮೆ ಇದರಿಂದಲೇ ಹುಟ್ಟಿದ್ದು.

ಅಪ್ಪ ಮುಂಬಯಿಗೆ ಬಂದಾಗ ಅವರಿಗೆ ಹದಿಮೂರು. ಊರಿನವರೊಬ್ಬರ ಬೆನ್ನು ಹಿಡಿದು ಬಂದರು. ಬಂದ ದಿನವೇ ಊಟ ಸಿಕ್ಕಿತು, ಮಲಗಲು ಜಾಗವೂ ಸಿಕ್ಕಿತು. ಜಾಗ ಅಂದರೆ ಹೋಟೆಲು ಮುಚ್ಚಿದ ಮೇಲೆ ಎರಡು ಮೇಜು ಜೋಡಿಸಿಕೊಳ್ಳುವುದು, ಅಷ್ಟೇ. ಆದರೆ ಬಾಡಿಗೆ ಇಲ್ಲ. ಕೈಗೆ ಬಂದ ಸಂಬಳ ಸ್ವಲ್ಪವೇ ಆದರೂ ಅಷ್ಟೂ ಉಳಿತಾಯ. ಕ್ಲೀನರ್ ಆಗಿ ಶುರು, ಆಮೇಲೆ ಸಪ್ಲಾಯರ್, ಆಮೇಲೆ ಗಲ್ಲಾ. ರಾತ್ರಿ ಕನ್ನಡ ನೈಟ್ ಸ್ಕೂಲು, ಲೋಟ ತೊಳೆದ ಕೈ ಒರೆಸಿಕೊಂಡು ಓಡುತ್ತಿದ್ದರಂತೆ. ಅವರ ಜೊತೆಯವರಲ್ಲಿ ಇಬ್ಬರು ಮುಂದೆ ಯಾರದೋ ಹೋಟೆಲನ್ನು ಕಂಡಕ್ಟ್ ಮಾಡಲು ತೆಗೆದುಕೊಂಡರು. ಅಂದರೆ ಲೈಸೆನ್ಸ್ ಮತ್ತು ಜಾಗ ಮಾಲೀಕನದು, ನಡೆಸುವುದು ಇವರು, ತಿಂಗಳಿಗೆ ಇಷ್ಟು ಅಂತ ಕೊಡುವುದು. ಕೈಯಲ್ಲಿ ದೊಡ್ಡ ಬಂಡವಾಳ ಇಲ್ಲದವನು ಧಣಿಯಾಗುವ ದಾರಿ ಅದು. ಕಟ್ಟಡದ ಕೆಲಸದಲ್ಲಿ ಇಂಥ ಮೆಟ್ಟಿಲು ಬಹಳ ಕಡಿಮೆ. ಹೊರೆ ಹೊರುವ ಬಿಗಾರಿ ಗೋಡೆ ಕಟ್ಟುವ ಗವಂಡಿಯಾಗಬಹುದು, ಗವಂಡಿ ಕೂಲಿಗಳನ್ನು ಕರೆದೊಯ್ಯುವ ಮುಕಾದಮ ಆಗಬಹುದು, ಅದರ ಮೇಲೆ ಬಿಲ್ಡರ್, ಅಲ್ಲಿಗೆ ಏಣಿಯೇ ಇಲ್ಲ.

ಹೋಟೆಲು ಒಂದೇ ಜಾಗದಲ್ಲಿ ಇರುವುದು ಎಷ್ಟು ದೊಡ್ಡ ವಿಷಯ ಅಂತ ನೋಡಿ. ಎ. ರಾಮ ನಾಯಕರು 1942ರಲ್ಲಿ ಮಾಟುಂಗದಲ್ಲಿ ಶುರು ಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವತ್ತಿಗೂ ಮಾಟುಂಗದಲ್ಲೇ ಇದೆ. ಇಂಥ ಹೋಟೆಲುಗಳ ಹೆಸರಿಗೆ ಊರಿನಿಂದ ಕಾಗದ ಬರುತ್ತಿತ್ತು. ಊರಿನಿಂದ ಹೊಸ ಹುಡುಗ ಬಂದರೆ ಅಲ್ಲಿಗೇ ಬರುತ್ತಿದ್ದ. ರೇಷನ್ ಕಾರ್ಡಿಗೂ ಬ್ಯಾಂಕ್ ಖಾತೆಗೂ ಅದೇ ವಿಳಾಸ. ವಿಳಾಸ ಇದ್ದವರು ಸಂಘ ಕಟ್ಟುತ್ತಾರೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು, ಬಂಟರ ಸಂಘ 1927ರದ್ದು. ನಾವು ಬಿಲ್ಲವರು 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಶುರು ಮಾಡಿದೆವು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ಲುಂಗಿಯ ಘೋಷಣೆ ಎದ್ದು ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದಾಗಲೂ, ಮರುದಿನ ಗಾಜು ಗುಡಿಸಿ ಬಾಗಿಲು ತೆರೆಯಲು ಒಂದು ಬಾಗಿಲು ಅಂತ ಇತ್ತು.

ಇನ್ನೊಂದು ವಿಷಯ ನಮ್ಮವರು ಸಭೆಗಳಲ್ಲಿ ಹೇಳುವುದೇ ಇಲ್ಲ. 'ಬರಿಗೈಯಲ್ಲಿ ಬಂದೆವು' ಅನ್ನುತ್ತಾರೆ. ಪೂರ್ತಿ ಬರಿಗೈ ಅಲ್ಲ ಸ್ವಾಮಿ. ನಮ್ಮ ಜಿಲ್ಲೆಯಲ್ಲಿ 1906ರಲ್ಲೇ ಕೆನರಾ ಬ್ಯಾಂಕ್ ಹುಟ್ಟಿತ್ತು. 1928ರಿಂದ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಇತ್ತು, ದಿನಕ್ಕೆ ಎರಡಾಣೆ ಕಟ್ಟಿದರೂ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಅಪ್ಪನ ಮನಿಯಾರ್ಡರು ಬಂದರೆ ಅಮ್ಮ ಮೊದಲು ತೆಗೆದಿಡುತ್ತಿದ್ದುದು ಪಿಗ್ಮಿಯ ದುಡ್ಡು. 1974ರಲ್ಲಿ ಭೂಸುಧಾರಣೆ ಕಾನೂನು ತಿದ್ದುಪಡಿಯಾದ ಮೇಲೆ ಅಜ್ಜಿ ಡಿಕ್ಲರೇಶನ್ ಹಾಕಿದರು, ಗೇಣಿಗೆ ಮಾಡುತ್ತಿದ್ದ ತುಂಡು ಗದ್ದೆ ನಮ್ಮದಾಯಿತು. ಮುಂಬಯಿಯಲ್ಲಿ ಅಪ್ಪನ ಕೆಲಸ ಹೋಗಿದ್ದರೂ ಊರಿನಲ್ಲಿ ಗಂಜಿಗೆ ಅಕ್ಕಿ ಇತ್ತು. 2011ರ ಜನಗಣತಿ ತೆಗೆದು ನೋಡಿ, ಅಷ್ಟು ವರ್ಷ ಆದ ಮೇಲೂ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 88 ಮಂದಿ ಅಕ್ಷರ ಬಲ್ಲವರು, ಯಾದಗಿರಿಯಲ್ಲಿ 52ರ ಹತ್ತಿರ. ಒಬ್ಬನ ಹಿಂದೆ ಬ್ಯಾಂಕು, ಶಾಲೆ, ಗದ್ದೆ. ಇನ್ನೊಬ್ಬನ ಹಿಂದೆ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ತೊಗರಿ ಹೊಲ, ಎಷ್ಟೋ ಮಂದಿಗೆ ಅದೂ ಇಲ್ಲ. ಅವರು ಮುಂಬಯಿಗೆ ಬರುವುದನ್ನು 'ಗುಳೆ' ಅನ್ನುತ್ತಾರೆ. ನಮ್ಮಲ್ಲಿ 'ಬೊಂಬಾಯಿಗೆ ಹೋದ' ಅಂದರೆ ಹೆಣ್ಣು ಕೊಡುವವರು ಮನೆ ಹುಡುಕಿಕೊಂಡು ಬರುತ್ತಿದ್ದರು, ಅವರಲ್ಲಿ ಗುಳೆ ಹೋದ ಅಂದರೆ ಮನೆಗೆ ಬೀಗ ಬಿತ್ತು ಅಂತ ಅರ್ಥ.

ಬೀಗ ಹಾಕಿ ಗಂಡ, ಹೆಂಡತಿ, ಮಕ್ಕಳು ಎಲ್ಲ ಬರುತ್ತಾರೆ. ಸೈಟಿನ ಪಕ್ಕ ಶೆಡ್ಡು. ಮಗುವನ್ನು ಹತ್ತಿರದ ಕನ್ನಡ ಶಾಲೆಗೆ ಹಾಕುತ್ತಾರೆ, ಇದ್ದರೆ. ಕೊನೆಯ ಸ್ಲ್ಯಾಬ್ ಬಿದ್ದು ಪ್ಲಾಸ್ಟರ್ ಮುಗಿದರೆ ಶೆಡ್ಡು ಕೀಳುತ್ತಾರೆ. ಮುಂದಿನ ಸೈಟು ಪನವೇಲಿನಲ್ಲೋ ಪುಣೆಯ ಹಿಂಜವಡಿಯಲ್ಲೋ. ಅಲ್ಲಿ ಹತ್ತಿರದಲ್ಲಿ ಕನ್ನಡ ಶಾಲೆ ಇಲ್ಲ. ಮಗು ಮರಾಠಿಗೆ ಸೇರಬೇಕು, ಎರಡನೇ ಕ್ಲಾಸು ಕನ್ನಡದಲ್ಲಿ ಓದಿದ್ದು ಮೂರನೆಯದು ಮರಾಠಿಯಲ್ಲಿ. ಇಲ್ಲವೇ ತಮ್ಮನನ್ನು ನೋಡಿಕೊಂಡು ಶೆಡ್ಡಿನಲ್ಲಿರಬೇಕು. ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೇ ಊರಿನಲ್ಲಿ ಬಿತ್ತನೆ. 'ಅಕ್ಕೋರ, ನಾಳಿಗಿ ಊರಿಗಿ ಹೊಂಟೀವ್ರಿ' ಅಂತ ಒಂದು ಹುಡುಗಿ ಬಂದು ನಿಂತಿರುತ್ತಿತ್ತು. ಯಾವಾಗ ಬರ್ತೀಯಾ ಅಂದರೆ 'ರಾಶಿ ಆದ ಮ್ಯಾಲ್ರಿ'. ತೊಗರಿ ರಾಶಿ ಆಗುವುದು ಡಿಸೆಂಬರ್, ಜನವರಿಗೆ. ನಾನು ಹೆಸರು ತೆಗೆಯದೆ ಇಟ್ಟುಕೊಳ್ಳುತ್ತಿದ್ದೆ. ಅದಕ್ಕೆ ಮೇಲಿನವರಿಂದ ಎರಡು ಸಲ ಬೈಸಿಕೊಂಡಿದ್ದೇನೆ.

ಸೌಲಭ್ಯ ಇಲ್ಲವೇ ಅಂತ ನೀವು ಕೇಳಬಹುದು. ಇದೆ, ಕಾಗದದಲ್ಲಿ. ಕಟ್ಟಡ ಕಾರ್ಮಿಕರಿಗೆ 1996ರಲ್ಲೇ ಕಾನೂನು ಬಂತು, ಕಲ್ಯಾಣ ಮಂಡಳಿ ಇದೆ, ಬಿಲ್ಡರುಗಳಿಂದ ಸೆಸ್ ವಸೂಲಾಗುತ್ತದೆ. ಹೆಸರು ಬರೆಸಬೇಕಾದರೆ ಹಿಂದಿನ ವರ್ಷ 90 ದಿನ ಕೆಲಸ ಮಾಡಿದ್ದಕ್ಕೆ ಪುರಾವೆ ಬೇಕು. ನಾಕಾದಲ್ಲಿ ನಿಂತು ದಿನಕ್ಕೊಬ್ಬ ಮುಕಾದಮನ ಹಿಂದೆ ಹೋಗುವವನಿಗೆ ಆ ಕಾಗದಕ್ಕೆ ಸಹಿ ಹಾಕುವವರು ಯಾರು? ಜೋಪಡಪಟ್ಟಿ ಪುನರ್ವಸತಿಯಲ್ಲಿ ಪುಕ್ಕಟೆ ಮನೆ ಬೇಕಾದರೆ 2000ದ ಜನವರಿ 1ಕ್ಕೆ ಮೊದಲು ಅಲ್ಲೇ ಇದ್ದ ದಾಖಲೆ ಬೇಕು. ಸೈಟಿನ ಶೆಡ್ಡು ಜೋಪಡಿಯ ಲೆಕ್ಕಕ್ಕೂ ಬರುವುದಿಲ್ಲ.

ಜಾತಿ ಸರ್ಟಿಫಿಕೇಟಿನದು ಇನ್ನೂ ದೊಡ್ಡ ಕತೆ. ನಿಮ್ಮ ಪ್ರಾಜೆಕ್ಟಿನಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಅದೇ ಬಂಜಾರರು ವಿಮುಕ್ತ ಜಾತಿ. ಗಡಿ ದಾಟಿದರೆ ಪಟ್ಟಿಯೇ ಬೇರೆ. ವಡ್ಡರದೂ ಹೀಗೇ. ಸರಿ, ಇಲ್ಲಿಯ ಪಟ್ಟಿಯಲ್ಲಾದರೂ ಸೇರೋಣ ಅಂದರೆ, 1961ರ ನವೆಂಬರ್ 21ಕ್ಕೆ ಮೊದಲೇ ನಿಮ್ಮ ಮನೆತನ ಮಹಾರಾಷ್ಟ್ರದಲ್ಲಿತ್ತು ಅಂತ ತೋರಿಸಬೇಕು. ಅಜ್ಜ ಆವಾಗ ಚಿತ್ತಾಪುರದ ತಾಂಡಾದಲ್ಲಿದ್ದ, ಇಲ್ಲಿಯ ದಾಖಲೆ ಎಲ್ಲಿಂದ ತರಬೇಕು? ನನ್ನ ಹತ್ತಿರ ಕಲಿತ ಒಬ್ಬ ಹುಡುಗ ಹತ್ತನೇ ಕ್ಲಾಸಿನಲ್ಲಿ ನೂರಕ್ಕೆ 81 ತೆಗೆದಿದ್ದ. ಇಲ್ಲೇ ಹುಟ್ಟಿದವನು, ಮರಾಠಿ ನನಗಿಂತ ಚೆನ್ನಾಗಿ ಮಾತಾಡುತ್ತಿದ್ದ. ಡಿಪ್ಲೊಮಾ ಸೀಟಿಗೆ ಕಾಗದ ಮಾಡಿಸಲು ನಾನೂ ಅವನ ಅಪ್ಪನೂ ಒಂದು ಕಚೇರಿಗೆ ನಾಲ್ಕು ಸಲ ಹೋದೆವು. ಕರ್ನಾಟಕದ್ದು ಇಲ್ಲಿ ನಡೆಯುವುದಿಲ್ಲ, ಇಲ್ಲಿಯದು ಸಿಗುವುದಿಲ್ಲ. ಪ್ರತೀ ಸಲ ಅಪ್ಪನಿಗೆ ಒಂದು ದಿನದ ಕೂಲಿ ಖೋತಾ. ನಾಲ್ಕನೇ ಸಲ ಮೆಟ್ಟಿಲು ಇಳಿಯುವಾಗ ಅವರು, 'ಬಿಡ್ರಿ ಅಕ್ಕೋರ, ಅಂವಾ ಗವಂಡಿ ಕೆಲಸ ಕಲೀಲಿ' ಅಂದರು. ಫೀಸಿನ ದುಡ್ಡನ್ನು ನಾನು ಹೇಗಾದರೂ ಹೊಂದಿಸುತ್ತೇನೆ ಅಂತ ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಆ ವರ್ಷ ನನ್ನ ಮಗಳದೂ ಕಾಲೇಜಿತ್ತು.

ನಮ್ಮವರಿಗೆ ಇಂಥ ತಡೆಗಳು ಇರಲಿಲ್ಲ ಅಂತಲ್ಲ. ಆದರೆ ಇಡ್ಲಿ ಮಾರಲು ಯಾರೂ ಜಾತಿಯ ಸರ್ಟಿಫಿಕೇಟು ಕೇಳಲಿಲ್ಲ.

ಈಗ ಇನ್ನೊಂದು ಮಗ್ಗುಲು, ಯಾಕೆಂದರೆ ನೀವು ಆರ್ಥಿಕ ಸ್ಥಿತಿ ಮಾತ್ರವಲ್ಲ, ಸಾಮಾಜಿಕ ನೆಮ್ಮದಿಯನ್ನೂ ಕೇಳಿದ್ದೀರಿ. ಅಲ್ಲಿ ಲೆಕ್ಕ ಇಷ್ಟು ಸಲೀಸಲ್ಲ. ನಾನು ಹುಟ್ಟಿದ್ದು 1962ರಲ್ಲಿ. ಒಂಬತ್ತು ವರ್ಷ ಆಗುವ ತನಕ ನನಗೆ ಅಪ್ಪ ಅಂದರೆ ವರ್ಷಕ್ಕೊಮ್ಮೆ ಬಂದು ಹದಿನೈದು ದಿನ ಇದ್ದು ಹೋಗುವ, ಸೆಂಟಿನ ವಾಸನೆಯ, ಬಿಳಿ ಶರಟಿನ ಒಬ್ಬ ನೆಂಟರು. ಮೊದಲ ದಿನ ಅವರ ಹತ್ತಿರ ಹೋಗಲು ನಾಚಿಕೆ, ಹೊಂದಿಕೊಳ್ಳುವ ಹೊತ್ತಿಗೆ ಅವರ ಪೆಟ್ಟಿಗೆ ಕಟ್ಟಿ ಆಗಿರುತ್ತಿತ್ತು. ಅಮ್ಮ ಅಷ್ಟು ವರ್ಷ ಅತ್ತೆಯ ಜೊತೆ ಒಬ್ಬಳೇ. ಕರಾವಳಿಯಲ್ಲಿ ಇಂಥ ಮನೆಗಳು ಎಷ್ಟೋ. ನಮ್ಮ ಸಂಘದ ಸ್ಮರಣ ಸಂಚಿಕೆಗಳಲ್ಲಿ ಹೋಟೆಲಿನ ಧಣಿಗಳ ಫೋಟೊ ಇರುತ್ತದೆ, ಈ ಹೆಂಗಸರದ್ದು ಇರುವುದಿಲ್ಲ. ಕಲಬುರಗಿಯ ಕುಟುಂಬ ಶೆಡ್ಡಿನಲ್ಲಿದ್ದರೂ ಒಟ್ಟಿಗೆ ಇರುತ್ತದೆ. ಹೆಂಗಸು ತನ್ನ ಕೂಲಿ ತಾನೇ ಎಣಿಸಿಕೊಳ್ಳುತ್ತಾಳೆ, ಗಂಡಸಿಗಿಂತ ಕಡಿಮೆಯೇ ಸಿಗುತ್ತದೆ, ಆ ಮಾತು ಬೇರೆ. ನನ್ನ ಶಾಲೆಗೆ ಮಗುವಿನ ಹೆಸರು ಹಾಕಿಸಲು ಸಿಮೆಂಟಿನ ಕೈಯಲ್ಲೇ ಅಪ್ಪ ಅಮ್ಮ ಇಬ್ಬರೂ ಬರುತ್ತಿದ್ದರು.

ಇನ್ನು ನಮ್ಮವರೆಲ್ಲ ಶ್ರೀಮಂತರು ಅನ್ನುವುದು ಸುಳ್ಳು. ಸಭಾಭವನದ ವೇದಿಕೆ ಮೇಲೆ ಕೂತವರನ್ನು ಎಣಿಸಿದರೆ ಹಾಗೆ ಕಾಣುತ್ತದೆ. ಐವತ್ತೈದರಲ್ಲೂ ಹೋಟೆಲಿನ ಅಟ್ಟದ ಮೇಲೆ ಮಲಗುವ ಸಪ್ಲಾಯರುಗಳನ್ನು ನಾನು ಬಲ್ಲೆ. ಪಿ.ಎಫ್. ಇಲ್ಲ, ಊರಿನಲ್ಲಿ ಪಾಲಾದ ಮನೆ. 2005ರಲ್ಲಿ ಡಾನ್ಸ್ ಬಾರುಗಳನ್ನು ನಿಷೇಧಿಸಿದಾಗ ಧಣಿಗಳ ಜೊತೆಗೆ ನಮ್ಮ ಕಡೆಯ ವೇಟರುಗಳೂ ಬೀದಿಗೆ ಬಿದ್ದರು. ಹಾಗೆಯೇ ಆ ಕಡೆಯವರೆಲ್ಲ ಶೆಡ್ಡಿನಲ್ಲೇ ಇದ್ದಾರೆ ಅನ್ನುವುದೂ ಸುಳ್ಳು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಟೈಲ್ಸ್ ಕೆಲಸದ ಕಾಂಟ್ರಾಕ್ಟ್ ಹಿಡಿದು ಬದಲಾಪುರದಲ್ಲಿ ಎರಡು ಕೋಣೆಯ ಫ್ಲಾಟ್ ತೆಗೆದುಕೊಂಡಿದ್ದಾನೆ. ಅವನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ತಾನು ಕೂರಿಸಿದ ಟೈಲ್ಸಿನ ಮೇಲೆ ಯಾರನ್ನೂ ಚಪ್ಪಲಿ ಹಾಕಿ ನಡೆಯಲು ಬಿಡಲಿಲ್ಲ.

ಗೋವಾ ಸೇರಿಸಲೇ ಅಂತಲೂ ಕೇಳಿದ್ದೀರಿ. ನನ್ನ ಚಿಕ್ಕಮ್ಮನ ಮಗ ವಾಸ್ಕೊದಲ್ಲಿದ್ದಾನೆ, ಅವನು ಹೇಳಿದ್ದಷ್ಟು ಗೊತ್ತು. ಅಲ್ಲಿ ಬೈನಾ, ಝುವಾರಿನಗರ ಕಡೆ ಉತ್ತರ ಕರ್ನಾಟಕದವರು ಜಾಸ್ತಿ, ಅವರನ್ನು ಕೀಳಾಗಿ 'ಘಾಂಟಿ' ಅಂತ ಕರೆಯುತ್ತಾರೆ. 2004ರಲ್ಲಿ ಬೈನಾ ತೀರದ ಮನೆಗಳನ್ನು ಕೆಡವಿದರು. ಅದು ಬೇರೆಯೇ ಪ್ರಾಜೆಕ್ಟು, ಇದರೊಳಗೆ ತುರುಕಬೇಡಿ.

ಎರಡೂ ಕಡೆಯವರು ಒಂದೇ ಆದ ದಿನವನ್ನು ನಾನು ಒಮ್ಮೆ ನೋಡಿದ್ದೇನೆ. 2020ರ ಮೇ ತಿಂಗಳು, ಕೊರೊನಾ ಲಾಕ್‌ಡೌನಿನ ಕಾಲ. ನಾನು ನಿವೃತ್ತಿಯಾದ ತಿಂಗಳು ಅದು. ಮಹಾರಾಷ್ಟ್ರದಿಂದ ಬರುವವರಿಗೆ ಕರ್ನಾಟಕ ತಿಂಗಳ ಕೊನೆಯ ತನಕ ಬಾಗಿಲು ಹಾಕಿತ್ತು. ಉಡುಪಿಯಲ್ಲೂ ಕಲಬುರಗಿಯಲ್ಲೂ 'ಮುಂಬೈನಿಂದ ಬಂದವರು' ಅಂದರೆ ಜನ ದೂರ ಸರಿಯುತ್ತಿದ್ದರು. ಮೂರು ಹೋಟೆಲಿನ ಧಣಿಯಾದ ನಮ್ಮ ಸಂಬಂಧಿಕರೊಬ್ಬರು ಫೋನ್ ಮಾಡಿ, ನಮ್ಮದೇ ಊರಿಗೆ ನಮಗೆ ಪಾಸಾ ಅಂತ ರೇಗಾಡಿದರು. ಅದೇ ಸಂಜೆ ನನ್ನ ಹಳೆಯ ಹುಡುಗಿಯೊಬ್ಬಳ ಅಮ್ಮ ಫೋನ್ ಮಾಡಿದಳು, ಪಾಸು ಮಾಡಿಸಲು ಮೊಬೈಲಿನಲ್ಲಿ ಏನು ಒತ್ತಬೇಕು ಅಂತ ಕೇಳಲು. ಧಣಿಗಳು ಊರಿಗೆ ಹೋಗದೆ ತಮ್ಮ ಫ್ಲಾಟಿನಲ್ಲೇ ಉಳಿದರು. ಅವಳಿಗೆ ಉಳಿಯಲು ಜಾಗ ಇರಲಿಲ್ಲ, ಸೈಟು ಬಂದ್ ಆಗಿ ಶೆಡ್ಡು ಖಾಲಿ ಮಾಡಿಸಿದ್ದರು.

ನಿಮ್ಮ ಪ್ರಶ್ನಾವಳಿಯ ಬಗ್ಗೆ ಒಂದು ಮಾತು. ತಿಂಗಳ ಆದಾಯ ಎಷ್ಟು ಅಂತ ಕೇಳಬೇಡಿ, ಎರಡೂ ಕಡೆಯವರು ಸುಳ್ಳು ಹೇಳುತ್ತಾರೆ, ನಮ್ಮವರು ಇನ್‌ಕಮ್ ಟ್ಯಾಕ್ಸಿಗೆ ಹೆದರಿ, ಅವರು ಮರ್ಯಾದೆಗೆ ಹೆದರಿ. ಐದು ವರ್ಷದಲ್ಲಿ ಎಷ್ಟು ಸಲ ಮನೆ ಬದಲಿಸಿದಿರಿ, ಮಗು ಎಷ್ಟು ಶಾಲೆ ಬದಲಿಸಿತು ಅಂತ ಕೇಳಿ. ನಾಕಾಗೆ ಬೆಳಿಗ್ಗೆ ಹೋಗಬೇಡಿ, ಆಗ ಅವರು ಕೂಲಿ ಹುಡುಕುವ ಗಡಿಬಿಡಿಯಲ್ಲಿರುತ್ತಾರೆ. ಹತ್ತೂವರೆ ದಾಟಿದ ಮೇಲೆ ಹೋಗಿ, ಆ ದಿನ ಕೆಲಸ ಸಿಗದವರು ಅಲ್ಲೇ ಕೂತಿರುತ್ತಾರೆ. ಚಹಾ ನೀವೇ ಕೊಡಿಸಿ.